1+2 ಬಂತು, 3+4 ಬಂತು, 5 ಯಾಕೆ ಬರಲಿಲ್ಲ?

ಕಳೆದ ದೀಪಾವಳಿಗೆ ಅಕ್ಕನ ಮಗನನ್ನು ಕರೆದುಕೊಂಡು ಹಾಸನಾಂಬೆಯ ದರ್ಶನಕ್ಕೆ ಹೋಗಿದ್ದೆ. ವರ್ಷಕ್ಕೆ ಒಂದೇ ಸಲ ಬಾಗಿಲು ತೆಗೆಯುವ ಗುಡಿ. ಕ್ಯೂ ಬಗ್ಗೆ ಹಾಸನದವರಿಗೆ ಹೇಳಬೇಕಾಗಿಲ್ಲ. ಎರಡೂ ಕಡೆ ಬ್ಯಾರಿಕೇಡಿನ ಕಬ್ಬಿಣದ ಪೈಪು. ಎಂಟನೇ ಕ್ಲಾಸಿನ ಹುಡುಗ ಆ ಪೈಪಿನ ಮೇಲೆ ಎರಡು ಬೆರಳು ಇಟ್ಟು ಜಾರಿಸುತ್ತಾ, "ಮಾಮ, ಇಲ್ಲಿಂದ ಆ ತಿರುವಿನ ತನಕ ಒಂದೇ ಗ್ರೈಂಡಲ್ಲಿ ಹೋಗ್ಬಹುದು" ಅಂದ. ಮುಂದೆ ನಿಂತಿದ್ದ ಹೆಂಗಸೊಬ್ಬರು ತಿರುಗಿ ನೋಡಿ, "ಏನಪ್ಪಾ ಅದು ಗ್ರೈಂಡು?" ಅಂತ ಕೇಳಿದರು. ಅವನು ಉತ್ಸಾಹದಿಂದ ಶುರು ಮಾಡಿದ. ಅವರಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆದರೂ ಪ್ರೀತಿಯಿಂದ ಕೇಳಿಸಿಕೊಂಡರು.

ಅವನ ಮನೆಯಲ್ಲಿರುವುದು ‘ಟೋನಿ ಹಾಕ್ಸ್ ಪ್ರೊ ಸ್ಕೇಟರ್ 3+4’ ಎಂಬ ಸ್ಕೇಟ್‌ಬೋರ್ಡಿನ ವಿಡಿಯೋ ಗೇಮು. 2025ರ ಜುಲೈ 11ರಂದು ಬಿಡುಗಡೆಯಾಯಿತು. ಅದಕ್ಕೂ ಮುಂಚೆ 2020ರಲ್ಲಿ ‘1+2’ ಬಂದಿತ್ತು. ಇವು ಪೂರ್ತಿ ಹೊಸ ಆಟಗಳಲ್ಲ. ಇಪ್ಪತ್ತು ವರ್ಷಕ್ಕೂ ಹಿಂದಿನ ಆಟಗಳನ್ನು ಎರಡೆರಡಾಗಿ ಸೇರಿಸಿ, ಇವತ್ತಿನ ಟಿವಿಗೆ ತಕ್ಕ ಹಾಗೆ ಮತ್ತೆ ಕಟ್ಟಿಕೊಟ್ಟಿದ್ದು. ಹುಡುಗನ ಲೆಕ್ಕ ಸರಿಯಾಗಿಯೇ ಇತ್ತು. ಒಂದು, ಎರಡು, ಮೂರು, ನಾಲ್ಕು ಮುಗಿಯಿತು. "ಹಂಗಾದ್ರೆ ಐದು ಯಾವಾಗ ಬರತ್ತೆ ಮಾಮ?"

ಐದು ಬಂದು ಹತ್ತು ವರ್ಷ ಆಯಿತು. 2015ರ ಸೆಪ್ಟೆಂಬರ್ 29ಕ್ಕೆ ಬಂತು. ಬಂದ ದಿನವೇ ಬಿತ್ತು. ಯಾಕೆ ಬಿತ್ತು ಅನ್ನುವುದನ್ನು ಕ್ಯೂನಲ್ಲಿ ನಿಂತು ಅವನಿಗೆ ಹೇಳುತ್ತಾ ಹೋದೆ. ಮನೆಗೆ ಬಂದ ಮೇಲೆ ಅಕ್ಕನೂ ಅದೇ ಕೇಳಿದಳು. ಒಂದು ಗೇಮಿಗೆ ನಾಲ್ಕೈದು ಸಾವಿರ ಕೊಡುವವಳು ಅವಳು ತಾನೇ. ಅವಳಿಗೆ ಅರ್ಥವಾಗುವ ಹಾಗೆ, ಮೊದಲಿನಿಂದ ಬರೆಯುತ್ತಿದ್ದೇನೆ.

ಮೊದಲು ಬೋರ್ಡು

ನಮ್ಮ ಕಡೆ ‘ಸ್ಕೇಟಿಂಗ್ ಕ್ಲಾಸ್’ ಅಂದರೆ ಮಕ್ಕಳು ಕಾಲಿಗೆ ಚಕ್ರದ ಬೂಟು ಕಟ್ಟಿಕೊಂಡು ಸುತ್ತು ಹಾಕುವುದು. ಇದು ಅದಲ್ಲ. ಸ್ಕೇಟ್‌ಬೋರ್ಡ್ ಅಂದರೆ ಒಂದು ಮರದ ಹಲಗೆ, ಕೆಳಗೆ ನಾಲ್ಕು ಚಕ್ರ. ಹಲಗೆಗೂ ಕಾಲಿಗೂ ಯಾವ ಪಟ್ಟಿಯೂ ಇರುವುದಿಲ್ಲ. ಸುಮ್ನೆ ಮೇಲೆ ನಿಂತಿರುವುದು, ಅಷ್ಟೇ. ಕಟ್ಟಿಲ್ಲದ ಹಲಗೆಯನ್ನು ಕಾಲಿಗೆ ಅಂಟಿಕೊಂಡ ಹಾಗೆ ಗಾಳಿಯಲ್ಲಿ ಎತ್ತುವುದರಲ್ಲೇ ಇಡೀ ವಿದ್ಯೆ ಇದೆ.

ಹಲಗೆಯ ಹಿಂದಿನ ತುದಿಯನ್ನು ಕಾಲಿನಿಂದ ಜೋರಾಗಿ ಒತ್ತಿದರೆ ಅದು ನೆಲಕ್ಕೆ ಬಡಿದು ಮುಂದಿನ ತುದಿ ಮೇಲೇಳುತ್ತದೆ. ಅದೇ ಕ್ಷಣಕ್ಕೆ ಮುಂದಿನ ಕಾಲನ್ನು ಮುಂದಕ್ಕೆ ಸವರಿದರೆ ಬೋರ್ಡು ನಮ್ಮ ಜೊತೆ ಹಾರುತ್ತದೆ. ಇದಕ್ಕೆ ಆಲಿ ಎಂದು ಹೆಸರು. 1970ರ ದಶಕದಲ್ಲಿ ಇದನ್ನು ಕಂಡುಹಿಡಿದ ಅಮೆರಿಕದ ಹುಡುಗ ಆಲನ್ ಗೆಲ್‌ಫಾಂಡ್‌ನ ಅಡ್ಡಹೆಸರು ಅದು. ಹಾರಿದಾಗ ಬೋರ್ಡನ್ನು ಕಾಲಡಿಯಲ್ಲೇ ಪಲ್ಟಿ ಹೊಡೆಸಿದರೆ ಫ್ಲಿಪ್. ಕೈಯಲ್ಲಿ ಹಿಡಿದುಕೊಂಡರೆ ಗ್ರಾಬ್. ಮೆಟ್ಟಿಲ ಪಕ್ಕದ ಕಬ್ಬಿಣದ ಕಂಬಿಯ ಮೇಲೆ ಇಳಿದು, ಚಕ್ರಗಳನ್ನು ಹಿಡಿದಿರುವ ಲೋಹದ ಅಚ್ಚಿನ ಮೇಲೆ ಕರ್ರ್ ಎಂದು ಜಾರುತ್ತಾ ಹೋದರೆ ಗ್ರೈಂಡ್. ಕ್ಯೂನಲ್ಲಿ ಹುಡುಗ ಬೆರಳಲ್ಲಿ ಮಾಡಿ ತೋರಿಸಿದ್ದು ಇದನ್ನೇ.

ಆಟಕ್ಕೆ ಹೆಸರು ಕೊಟ್ಟವರು

ಟೋನಿ ಹಾಕ್ ಹುಟ್ಟಿದ್ದು 1968ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ. ಹದಿನಾಲ್ಕನೇ ವಯಸ್ಸಿಗೇ ವೃತ್ತಿಪರ ಸ್ಕೇಟರ್ ಆದರು. ಜಗತ್ತಿಗೆಲ್ಲ ಗೊತ್ತಾಗಿದ್ದು 1999ರ ಜೂನ್ 27ರಂದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಎಕ್ಸ್ ಗೇಮ್ಸ್ ಎಂಬ ಸ್ಪರ್ಧೆಯಲ್ಲಿ ಅವರು ‘900’ ಮಾಡಿ ತೋರಿಸಿದರು. ಒಂದು ಸುತ್ತು ಅಂದರೆ 360 ಡಿಗ್ರಿ. 900 ಅಂದರೆ ಎರಡೂವರೆ ಸುತ್ತು, ಗಾಳಿಯಲ್ಲಿ. ಆ ದಿನ ಒಂದಾದ ಮೇಲೊಂದು ಪ್ರಯತ್ನ ಕೈಕೊಟ್ಟಿತು. ಬೀಳುತ್ತಿದ್ದರು, ಎದ್ದು ಮತ್ತೆ ಮೇಲಕ್ಕೆ ಹತ್ತುತ್ತಿದ್ದರು. ಕೊನೆಗೆ ಕಾಲು ಬೋರ್ಡಿನ ಮೇಲೆ ನಿಂತಿತು.

ಅದಾಗಿ ಮೂರು ತಿಂಗಳಿಗೆ ಅವರ ಹೆಸರಿನ ಆಟ, ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್ ಎಂಬ ಯಂತ್ರಕ್ಕೆ ಬಂತು. ದುಡ್ಡು ಹಾಕಿ ಮಾರುಕಟ್ಟೆಗೆ ಬಿಟ್ಟದ್ದು ಆಕ್ಟಿವಿಷನ್ ಕಂಪನಿ. ಕೂತು ಕಟ್ಟಿದ್ದು ನೆವರ್‌ಸಾಫ್ಟ್ ಎಂಬ ತಂಡ. ಈ ವ್ಯತ್ಯಾಸವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಸಿನಿಮಾದಲ್ಲಿ ನಿರ್ಮಾಪಕರು ಬೇರೆ, ನಿರ್ದೇಶಕರ ತಂಡ ಬೇರೆ, ಅಲ್ವಾ? ಹಾಗೆಯೇ ಇದು.

ಎರಡು ನಿಮಿಷ, ಮುರಿಯದ ಸರಪಳಿ

ಐದನೇ ಭಾಗ ಯಾಕೆ ಬಿತ್ತು ಎಂದು ತಿಳಿಯಬೇಕಾದರೆ ಮೊದಲ ನಾಲ್ಕು ಯಾಕೆ ನಿಂತವು ಎಂದು ತಿಳಿಯಬೇಕು. ನನಗೆ ಬಹಳ ಇಷ್ಟದ ವಿಷಯ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆಟ ಶುರುವಾದ ಕೂಡಲೇ ಗಡಿಯಾರ ಓಡಲು ಶುರು. ನಿಮಗೆ ಸಿಗುವುದು ಎರಡೇ ನಿಮಿಷ. ಒಂದು ಗೋದಾಮು, ಒಂದು ಶಾಲೆ, ಒಂದು ಮಾಲ್, ಹೀಗೆ ಒಂದೊಂದು ಜಾಗ. ಮೊದಲನೇ ಆಟದಲ್ಲಿ ಹೆಚ್ಚಿನ ಜಾಗಗಳಲ್ಲಿ ಐದೈದು ಕೆಲಸ ಇರುತ್ತಿತ್ತು. ಇಷ್ಟು ಅಂಕ ಗಳಿಸು, ಅಲ್ಲಲ್ಲಿ ತೇಲುತ್ತಿರುವ ಅಕ್ಷರಗಳನ್ನು ಕೂಡಿಸು, ಎಲ್ಲೋ ಬಚ್ಚಿಟ್ಟಿರುವ ಕ್ಯಾಸೆಟ್ ಹುಡುಕು, ಈ ತರಹ. ಎಲ್ಲವೂ ಒಟ್ಟಿಗೇ ತೆರೆದಿರುತ್ತವೆ. ಯಾವುದನ್ನು ಮೊದಲು ಮಾಡಬೇಕು ಎನ್ನುವುದು ನಿಮಗೆ ಬಿಟ್ಟದ್ದು. ಬಸ್ಸು ಸ್ಟ್ಯಾಂಡಲ್ಲಿ ಸ್ವಲ್ಪ ಹೊತ್ತು ನಿಂತಾಗ ಇಳಿದು ಓಡಿ ಕಾಫಿ, ಪೇಪರು, ಮಕ್ಕಳಿಗೆ ಬಿಸ್ಕತ್ತು ತರುತ್ತೇವಲ್ಲ, ಆ ತಲೆ ಓಡಿಸುವಿಕೆ ಇದು. ಆಗಲಿಲ್ಲವೇ, ಒಂದು ಗುಂಡಿ ಒತ್ತಿದರೆ ತಕ್ಷಣ ಮತ್ತೆ ಮೊದಲಿನಿಂದ.

ಇನ್ನು ಅಂಕದ ಲೆಕ್ಕ. ಒಂದೊಂದು ಕಸರತ್ತಿಗೆ ಇಷ್ಟಿಷ್ಟು ಅಂಕ. ಆದರೆ ನೆಲ ಮುಟ್ಟಿ ಸುಮ್ಮನಾಗದೆ ಒಂದರ ಹಿಂದೆ ಒಂದನ್ನು ಪೋಣಿಸಿದರೆ, ಒಟ್ಟು ಅಂಕವನ್ನು ಕಸರತ್ತುಗಳ ಸಂಖ್ಯೆಯಿಂದ ಗುಣಿಸುತ್ತಾರೆ. ಇದಕ್ಕೆ ಕಾಂಬೊ ಎನ್ನುತ್ತಾರೆ. ಉದಾಹರಣೆಗೆ 500, 300, 700 ಅಂಕದ ಮೂರು ಕಸರತ್ತು ಪೋಣಿಸಿದಿರಿ. ಒಟ್ಟು 1500, ಗುಣಿಸು ಮೂರು, 4500. ಇನ್ನೊಂದು 500ರದ್ದು ಸೇರಿಸಿದರೆ 2000 ಗುಣಿಸು ನಾಲ್ಕು, 8000. ಒಂದೇ ಒಂದು ಹೆಚ್ಚಿಗೆ ಮಾಡಿದ್ದಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು. ಆದರೆ ಆ ನಾಲ್ಕನೆಯದರಲ್ಲಿ ಬಿದ್ದರೆ ಎಲ್ಲವೂ ಸೊನ್ನೆ.

ಕುಂಟೆಬಿಲ್ಲೆ ಆಡಿದವರಿಗೆ ಇದು ಗೊತ್ತು. ಏಳು ಮನೆ ಸರಿಯಾಗಿ ಕುಂಟಿದ್ದೀರಿ, ಎಂಟನೇ ಮನೆಯಲ್ಲಿ ಹೆಬ್ಬೆರಳು ಗೆರೆಗೆ ತಾಗಿತು. ಆಟ ಹೋಯಿತು. ಏಳಕ್ಕೇ ಸಾಕು ಅನ್ನಲೋ, ಇನ್ನೊಂದು ಹಾರಲೋ? ಆ ಅರೆಕ್ಷಣದ ಎದೆ ಡವಡವ ಇದೆಯಲ್ಲ, ಈ ಆಟದ ಜೀವ ಅದೇ.

2000ದಲ್ಲಿ ಬಂದ ಎರಡನೇ ಭಾಗ ಇದಕ್ಕೆ ‘ಮ್ಯಾನುಯಲ್’ ಸೇರಿಸಿತು. ಎರಡೇ ಚಕ್ರದ ಮೇಲೆ ಬೋರ್ಡನ್ನು ಎತ್ತಿ ಹಿಡಿದು ನೆಲದ ಮೇಲೆ ಸಾಗುವುದು. ನೋಡಲು ಚಿಕ್ಕದು. ಆದರೆ ಸಕಲೇಶಪುರದ ಕಡೆ ಹಳ್ಳಕ್ಕೆ ಅಡ್ಡ ಹಾಕುವ ಸಂಕ ನೋಡಿದ್ದೀರಲ್ಲ, ಮ್ಯಾನುಯಲ್ ಮಾಡುವ ಕೆಲಸ ಅದು. ಈ ಕಂಬಿಗೂ ಆ ಕಂಬಿಗೂ ನಡುವೆ ಬರೀ ನೆಲ. ಮೊದಲ ಭಾಗದಲ್ಲಿ ಸರಪಳಿ ಅಲ್ಲೇ ಮುಗಿಯುತ್ತಿತ್ತು. ಈಗ ಸಂಕ ದಾಟಿ ಆಚೆ ದಡಕ್ಕೆ ಹೋಗಬಹುದು. 2001ರ ಮೂರನೇ ಭಾಗದಲ್ಲಿ ‘ರಿವರ್ಟ್’ ಬಂತು. ಎತ್ತರದ ಇಳಿಜಾರಿನಿಂದ ಕೆಳಗೆ ಬಂದ ಕೂಡಲೇ ಬೋರ್ಡನ್ನು ಗಕ್ಕನೆ ತಿರುಗಿಸುವುದು. ಅದೂ ಒಂದು ಸಂಕವೇ. ಈಗ ಇಡೀ ಜಾಗವನ್ನು ಒಂದೇ ಉಸಿರಿನಲ್ಲಿ ಸುತ್ತಬಹುದಾಯಿತು.

ಹಾಗೆ ಸುತ್ತಬೇಕಾದರೆ ಜಾಗವನ್ನೂ ಹಾಗೇ ಕಟ್ಟಿರಬೇಕು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಜಗತಿಯ ಮೇಲೆ ಒಂದು ಸುತ್ತು ಬನ್ನಿ. ಗೋಡೆ ಎಲ್ಲೂ ನೇರಕ್ಕೆ ಹೋಗುವುದಿಲ್ಲ, ಮಡಚಿ ಮಡಚಿ ಹೋಗುತ್ತದೆ. ಕೆಳಗಿನ ಆನೆಗಳ ಸಾಲನ್ನು ಹಿಡಿದು ಹೊರಟರೆ ಒಂದು ಮೂಲೆ ಮುಗಿಯುವಷ್ಟರಲ್ಲಿ ಮುಂದಿನ ಮೂಲೆ ಕಣ್ಣಿಗೆ ಬಿದ್ದಿರುತ್ತದೆ. ಕಾಲು ತಾನಾಗಿ ಮುಂದಕ್ಕೆ ಹೋಗುತ್ತದೆ. ನೆವರ್‌ಸಾಫ್ಟ್‌ನವರು ಕಟ್ಟಿದ ಶಾಲೆ, ಗೋದಾಮುಗಳಲ್ಲಿ ಬೆಂಚು, ಕಂಬಿ, ಕಟ್ಟೆ ಯಾವುದೂ ಸುಮ್ಮನೆ ಇಟ್ಟದ್ದಲ್ಲ. ಒಂದರಿಂದ ಹಾರಿದವನ ಕಣ್ಣ ಮುಂದೆ ಇನ್ನೊಂದು ಇರುತ್ತಿತ್ತು.

98ರಿಂದ 32ಕ್ಕೆ

ಮೆಟಾಕ್ರಿಟಿಕ್ ಎಂಬ ತಾಣ ಬೇರೆ ಬೇರೆ ವಿಮರ್ಶಕರು ಕೊಟ್ಟ ಅಂಕಗಳನ್ನು ಕೂಡಿಸಿ ನೂರಕ್ಕೆ ಇಷ್ಟು ಎಂದು ಸರಾಸರಿ ತೆಗೆಯುತ್ತದೆ. ಎರಡನೇ ಭಾಗಕ್ಕೆ ಪ್ಲೇಸ್ಟೇಷನ್‌ನಲ್ಲಿ ಸಿಕ್ಕಿದ್ದು 98. ಎಲ್ಲ ಬಗೆಯ ಆಟಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಅದು ತುತ್ತತುದಿಯ ಅಂಕಗಳಲ್ಲಿ ಒಂದು. ಐದನೇ ಭಾಗಕ್ಕೆ ಪ್ಲೇಸ್ಟೇಷನ್ 4ರಲ್ಲಿ ಸಿಕ್ಕಿದ್ದು 32. ಎಸ್ಸೆಸ್ಸೆಲ್ಸಿಯಲ್ಲಿ 35 ಬಂದರೆ ಪಾಸು ಎಂದು ಬೆಳೆದವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ನಡುವೆ ಏನಾಯಿತು? 2002ರಲ್ಲಿ ನಾಲ್ಕನೇ ಭಾಗ ಬಂತು. ಅಲ್ಲಿ ಎರಡು ನಿಮಿಷದ ಗಡಿಯಾರವನ್ನು ತೆಗೆದು, ನಿಮ್ಮ ಪಾಡಿಗೆ ನೀವು ಸುತ್ತಿ ಕೆಲಸ ಹುಡುಕಿ ಎಂದರು. ಆಮೇಲೆ ಸಂಖ್ಯೆ ಬಿಟ್ಟು ಬೇರೆ ಹೆಸರುಗಳು. 2003ರಲ್ಲಿ ‘ಅಂಡರ್‌ಗ್ರೌಂಡ್’. ಅದರಲ್ಲಿ ಕಥೆ ಬಂತು, ಬೋರ್ಡಿನಿಂದ ಇಳಿದು ನಡೆಯಲೂಬಹುದಾಯಿತು. 2004ರಲ್ಲಿ ಅದರ ಎರಡನೇ ಭಾಗ, 2005ರಲ್ಲಿ ‘ಅಮೆರಿಕನ್ ವೇಸ್ಟ್‌ಲ್ಯಾಂಡ್’, 2006ರಲ್ಲಿ ‘ಪ್ರಾಜೆಕ್ಟ್ 8’, 2007ರಲ್ಲಿ ‘ಪ್ರೂವಿಂಗ್ ಗ್ರೌಂಡ್’. ವರ್ಷಕ್ಕೊಂದು ತಪ್ಪದೆ. ಪ್ರತಿ ವರ್ಷ ಅದೇ ಹೊಲಕ್ಕೆ ಅದೇ ಬೆಳೆ ಹಾಕಿದರೆ ನೆಲ ಸೋಲುತ್ತದೆ. ಇಲ್ಲೂ ಜನಕ್ಕೆ ಸಾಕೆನಿಸತೊಡಗಿತು.

ಅದೇ 2007ರಲ್ಲಿ ಇಎ ಕಂಪನಿ ‘ಸ್ಕೇಟ್’ ಎಂಬ ಬೇರೆ ಆಟ ತಂದಿತು. ಗುಂಡಿ ಒತ್ತುವ ಬದಲು, ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರಿನ ಚಿಕ್ಕ ಕಡ್ಡಿಯನ್ನು ಹೆಬ್ಬೆರಳಿನಲ್ಲಿ ಹಿಂದಕ್ಕೆ ಎಳೆದು ಮುಂದಕ್ಕೆ ಚಿಮ್ಮಿದರೆ ಆಲಿ. ನಿಜವಾದ ಸ್ಕೇಟಿಂಗಿಗೆ ಹತ್ತಿರ. ಬಹಳ ಜನ ಆ ಕಡೆ ಹೊರಟರು. ನೆವರ್‌ಸಾಫ್ಟ್ ತಂಡವನ್ನು ಆಕ್ಟಿವಿಷನ್ ‘ಗಿಟಾರ್ ಹೀರೊ’ ಎಂಬ ಸಂಗೀತದ ಆಟದ ಕಡೆ ತಿರುಗಿಸಿತು. ಮತ್ತೆ ಆ ತಂಡ ಟೋನಿ ಹಾಕ್ ಆಟ ಕಟ್ಟಲೇ ಇಲ್ಲ. 2014ರಲ್ಲಿ ತಂಡವೇ ಬೇರೊಂದರಲ್ಲಿ ಸೇರಿಹೋಯಿತು.

ಬೇರೆ ಕೈಗೆ ಹೋದಾಗ

ಮುಂದಿನ ಆಟಗಳು ಹೋದದ್ದು ಶಿಕಾಗೊದ ರೋಬೋಮೋಡೊ ಎಂಬ ತಂಡಕ್ಕೆ. 2009ರಲ್ಲಿ ‘ರೈಡ್’ ಬಂತು. ಅದರ ಜೊತೆ ನಿಜವಾದ ಬೋರ್ಡಿನಷ್ಟೇ ಇರುವ, ಚಕ್ರ ಇಲ್ಲದ ಪ್ಲಾಸ್ಟಿಕ್ ಹಲಗೆ. ಟಿವಿ ಮುಂದೆ ಅದರ ಮೇಲೆ ನಿಂತು ವಾಲಬೇಕು. ಬೆಲೆ ಸುಮಾರು 120 ಡಾಲರ್. ಹಲಗೆ ಒಂದು ಕಡೆ ವಾಲಿದರೆ ತೆರೆಯ ಮೇಲಿನ ಸ್ಕೇಟರ್ ಇನ್ನೊಂದು ಮಾಡುತ್ತಾನೆ ಎಂದು ವಿಮರ್ಶಕರು ಬರೆದರು. ಮರುವರ್ಷ ಅದೇ ಹಲಗೆಗೆ ‘ಶ್ರೆಡ್’ ಬಂತು, ಅದೂ ಓಡಲಿಲ್ಲ. 2012ರಲ್ಲಿ ಹಳೆಯ ಭಾಗಗಳಿಂದ ಕೆಲವು ಜಾಗಗಳನ್ನು ಆರಿಸಿ ‘ಎಚ್‌ಡಿ’ ಎಂಬ ಆಟ ಮಾಡಿದರು.

ಹಾಗಾಗಿ 2015ರಲ್ಲಿ ‘ಪ್ರೊ ಸ್ಕೇಟರ್ 5’ ಎಂದು ಘೋಷಿಸಿದಾಗ ಹಳಬರ ಕಿವಿ ನಿಮಿರಿತು. ನಾಲ್ಕಾದ ಮೇಲೆ ಹದಿಮೂರು ವರ್ಷ ಮುಟ್ಟದ ಸಂಖ್ಯೆ ಅದು. ಐದು ಎಂದು ಹಾಕಿದರೆ ‘ಬೇರೆಯದೆಲ್ಲ ಬಿಡಿ, ಆ ಹಳೇ ರುಚಿಯೇ ಇದು’ ಎಂದು ಮಾತು ಕೊಟ್ಟ ಹಾಗೆ. ಅಜ್ಜಿ ಹೋದ ಮೇಲೆ ಅದೇ ಡಬ್ಬಿಯಲ್ಲಿ, ಅದೇ ಹೆಸರಿನಲ್ಲಿ ಸಾರಿನ ಪುಡಿ ಸಿಕ್ಕಿದರೆ ನಾವು ಏನು ನಿರೀಕ್ಷೆ ಮಾಡುತ್ತೇವೆ? ಡಬ್ಬಿಯನ್ನಲ್ಲ.

ಗುತ್ತಿಗೆ ಮುಗಿಯುವ ಮುಂಚೆ

ಇಲ್ಲಿ ಲೈಸೆನ್ಸ್ ಎಂಬ ಪದ ಬರುತ್ತದೆ. ಟೋನಿ ಹಾಕ್ ಎಂಬುದು ಒಬ್ಬ ಮನುಷ್ಯನ ಹೆಸರು. ಅದನ್ನು ಆಟದ ಮೇಲೆ ಹಾಕಬೇಕಾದರೆ ಅವರ ಜೊತೆ ಒಪ್ಪಂದ ಬೇಕು. ಒಪ್ಪಂದಕ್ಕೆ ಇಂಥ ವರ್ಷದ ತನಕ ಎಂದು ಗಡುವು ಇರುತ್ತದೆ. ಹೊಲವನ್ನು ಗುತ್ತಿಗೆಗೆ ತೆಗೆದುಕೊಂಡ ಹಾಗೆಯೇ. ಹೊಲ ನಿಮ್ಮದಲ್ಲ, ಇಷ್ಟು ವರ್ಷ ಬೆಳೆದುಕೊಳ್ಳುವ ಹಕ್ಕು ಮಾತ್ರ ನಿಮ್ಮದು. 2012ರ ‘ಎಚ್‌ಡಿ’ ಆಟವನ್ನು 2017ರಲ್ಲಿ ಕಂಪ್ಯೂಟರ್ ಗೇಮುಗಳ ಸ್ಟೀಮ್ ಅಂಗಡಿಯಿಂದ ತೆಗೆದದ್ದೂ ಈ ತರಹದ ಅವಧಿ ಮುಗಿದದ್ದಕ್ಕೇ.

ಆಕ್ಟಿವಿಷನ್‌ಗೆ ಟೋನಿ ಹಾಕ್ ಜೊತೆಗಿದ್ದ ಒಪ್ಪಂದ 2015ರ ಕೊನೆಗೆ ಮುಗಿಯುವುದಿತ್ತು. ಐದನೇ ಭಾಗ ಬಂದದ್ದು ಅದೇ ವರ್ಷದ ಸೆಪ್ಟೆಂಬರ್ ಕೊನೆಗೆ. ಗುತ್ತಿಗೆ ಮುಗಿಯುವ ಮುಂಚೆ ಒಂದು ಬೆಳೆ ತೆಗೆಯುವ ಅವಸರ ಇದು ಎಂದು ಆಗಲೇ ಬಹಳ ಜನ ಬರೆದರು. ಹಾಸನದ ಆಲೂಗಡ್ಡೆ ರೈತರಿಗೆ ಇದು ಚೆನ್ನಾಗಿ ಗೊತ್ತು. ದಿನ ತುಂಬುವ ಮುಂಚೆ ಕಿತ್ತರೆ ಗೆಡ್ಡೆ ಇರುತ್ತದೆ, ಆದರೆ ಸಿಪ್ಪೆ ಗಟ್ಟಿಯಾಗಿರುವುದಿಲ್ಲ. ಕೈಯಲ್ಲಿ ಉಜ್ಜಿದರೆ ಸುಲಿದು ಬರುತ್ತದೆ. ಮೂಟೆಗೆ ತುಂಬಿದರೆ ತಡೆಯುವುದಿಲ್ಲ.

ಅವಸರದ ಗುರುತುಗಳು ಹೊರಗೇ ಕಾಣುತ್ತಿದ್ದವು. ಮೊದಲು ತೋರಿಸಿದ ದೃಶ್ಯಗಳು ಮಂಕಾಗಿವೆ, ಹಳೇ ಕಾಲದ ಆಟದ ಹಾಗಿವೆ ಎಂದು ಜನ ಬೈದರು. ಬಿಡುಗಡೆಗೆ ಸುಮಾರು ಎರಡು ತಿಂಗಳಿದ್ದಾಗ ಇಡೀ ನೋಟವನ್ನೇ ಬದಲಿಸಿದರು. ಮನುಷ್ಯರ ಅಂಚಿಗೆ ಕಪ್ಪು ಗೆರೆ, ಚಿತ್ರಕಥೆ ಪುಸ್ತಕದ ಹಾಗೆ ಗಾಢ ಬಣ್ಣ. ಗೃಹಪ್ರವೇಶಕ್ಕೆ ವಾರ ಇದೆ ಎನ್ನುವಾಗ ಮನೆಗೆಲ್ಲ ಬೇರೆ ಬಣ್ಣ ಬಳಿಯಬಹುದು. ಗೋಡೆಯ ಬಿರುಕು ಬಣ್ಣದಿಂದ ಮುಚ್ಚುವುದಿಲ್ಲ. ಆಟ ಬಂದ ಮೇಲೆ ಸ್ಕೇಟರ್ ಗೋಡೆಯೊಳಗೆ ತೂರಿಹೋಗುವುದು, ನೆಲದಲ್ಲಿ ಹುದುಗುವುದು, ಬಿದ್ದಾಗ ಕೈಕಾಲು ಎತ್ತೆತ್ತಲೋ ತಿರುಚಿಕೊಳ್ಳುವುದು, ಇವೆಲ್ಲದರ ವಿಡಿಯೋ ಜಗತ್ತೆಲ್ಲ ಓಡಾಡಿತು.

ತ್ರಿಕೋನದ ಗುಂಡಿ

ಗೋಡೆಯಲ್ಲಿ ತೂರುವುದನ್ನು ಆಮೇಲೆ ಸರಿಪಡಿಸಬಹುದು. ಹಳಬರಿಗೆ ನಿಜವಾಗಿ ನೋವು ಕೊಟ್ಟದ್ದು ಇನ್ನೊಂದು.

ಪ್ಲೇಸ್ಟೇಷನ್‌ನ ಕಂಟ್ರೋಲರಿನಲ್ಲಿ ಬಲಗಡೆ ನಾಲ್ಕು ಗುಂಡಿ ಇವೆ. ಮೊದಲ ಆಟದಿಂದಲೂ ಅವುಗಳ ಕೆಲಸ ಒಂದೇ. ಗುಣಿಸು ಗುರುತಿನದ್ದು ಹಾರಲು, ಚೌಕ ಫ್ಲಿಪ್ಪಿಗೆ, ವೃತ್ತ ಗ್ರಾಬಿಗೆ, ತ್ರಿಕೋನ ಗ್ರೈಂಡಿಗೆ. ಹಾರಿದವನು ಕಂಬಿ ಇನ್ನೂ ಸ್ವಲ್ಪ ದೂರ ಇದ್ದಾಗಲೇ ತ್ರಿಕೋನವನ್ನು ಒತ್ತಿ ಹಿಡಿದಿರುತ್ತಾನೆ. ಕಂಬಿ ಹತ್ತಿರ ಬಂದ ಕೂಡಲೇ ಬೋರ್ಡು ಅದನ್ನು ಕಚ್ಚಿಕೊಳ್ಳುತ್ತದೆ. ಇದನ್ನು ಯಾರೂ ಯೋಚಿಸಿ ಮಾಡುವುದಿಲ್ಲ. ಬೆರಳಿಗೆ ಬಂದುಬಿಟ್ಟಿರುತ್ತದೆ.

ಐದನೇ ಭಾಗದಲ್ಲಿ ‘ಸ್ಲ್ಯಾಮ್’ ಎಂಬ ಹೊಸ ಚಲನೆ ಸೇರಿಸಿದರು. ಗಾಳಿಯಲ್ಲಿರುವವನನ್ನು ದಬಕ್ ಎಂದು ನೇರ ಕೆಳಕ್ಕೆ ಇಳಿಸುವುದು. ಯೋಚನೆಯಲ್ಲಿ ತಪ್ಪಿಲ್ಲ. ಬಹಳ ಎತ್ತರಕ್ಕೆ ಹಾರಿದಾಗ ಬೇಗ ನೆಲಕ್ಕೆ ಬರಲು ಸಹಾಯ ಆಗುತ್ತದೆ. ಆದರೆ ಅದನ್ನು ಇಟ್ಟದ್ದು ಗ್ರೈಂಡಿನ ಗುಂಡಿಯ ಮೇಲೆಯೇ. ಕಂಬಿ ತೀರಾ ಹತ್ತಿರ ಇದ್ದಾಗ ಒತ್ತಿದರೆ ಗ್ರೈಂಡ್. ಕೂದಲೆಳೆ ಮುಂಚೆ ಒತ್ತಿದರೆ ಸ್ಲ್ಯಾಮ್. ಹದಿನಾರು ವರ್ಷದಿಂದ ಮುಂಚೆಯೇ ಒತ್ತಿ ಅಭ್ಯಾಸ ಇರುವ ಹೆಬ್ಬೆರಳು ಮುಂಚೆಯೇ ಒತ್ತಿತು. ಸ್ಕೇಟರ್ ಕಂಬಿ ಬಿಟ್ಟು ನೆಲಕ್ಕೆ ಬಡಿದ. ಸರಪಳಿ ಕಡಿಯಿತು.

ಅಕ್ಕನಿಗೆ ಇದು ಹೊಳೆಯಲಿಲ್ಲ. "ನೋಡಿಕೊಂಡು ಒತ್ತಿದರಾಯ್ತಲ್ಲ" ಅಂದಳು. ಆಗ ತಾತನ ಬುಲೆಟ್ ನೆನಪಿಸಿದೆ. ಆಲೂರಿನ ಹತ್ತಿರದ ನಮ್ಮ ಊರಿನ ಮನೆಯಲ್ಲಿ ತಾತನ ಹಳೇ ಬುಲೆಟ್ ಇದೆ. ಹಳೇ ಬುಲೆಟ್‌ಗಳಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗಿನ ಬೈಕುಗಳಲ್ಲಿ ತಿರುಗಾಮುರುಗ. ಭಾವ ಒಂದು ಸಂಕ್ರಾಂತಿಗೆ ಅದನ್ನು ಏರಿದರು. ಹೊರಡುವ ಮುಂಚೆ ತಾತ ಎರಡು ಸಲ ಹೇಳಿದ್ದರು. ಭಾವನೂ "ಎಡಗಾಲು ಬ್ರೇಕು, ಎಡಗಾಲು ಬ್ರೇಕು" ಎಂದು ಬಾಯಲ್ಲಿ ಹೇಳಿಕೊಂಡೇ ಹೊರಟರು. ಕಣದ ಹತ್ತಿರ ಇಳಿಜಾರಿನಲ್ಲಿ ಒಂದು ಕರು ಅಡ್ಡ ಬಂತು. ಬಲಗಾಲು ಒತ್ತಿತು. ಗೇರು ಬದಲಾಯಿತು, ಗಾಡಿ ನಿಲ್ಲಲಿಲ್ಲ. ಹುಲ್ಲಿನ ಬಣವೆಗೆ ಹೋಗಿ ಸೇರಿತು. ಭಾವನ ಅಂಗಿ ತುಂಬಾ ಒಣಹುಲ್ಲು. ಕರು ಅಲ್ಲೇ ನಿಂತು ನೋಡುತ್ತಿತ್ತು.

ಗಾಡಿ ಕೆಟ್ಟಿರಲಿಲ್ಲ. ಭಾವನಿಗೆ ಬೈಕು ಓಡಿಸಲು ಬರುವುದಿಲ್ಲ ಎಂದೂ ಅಲ್ಲ. ಅವಸರದ ಗಳಿಗೆಯಲ್ಲಿ ಕಾಲು ತಲೆಯ ಮಾತು ಕೇಳುವುದಿಲ್ಲ, ಅಭ್ಯಾಸದ ಮಾತು ಕೇಳುತ್ತದೆ. ಅಕ್ಕನಿಗೆ ಆಗ ಸ್ಲ್ಯಾಮ್ ಅರ್ಥವಾಯಿತು.

ನನ್ನ ಪ್ರಕಾರ ಐದನೇ ಭಾಗದ ಸೋಲಿನ ನಡುಮಧ್ಯ ಇಲ್ಲೇ ಇದೆ. ಬೋರ್ಡು, ಹೆಸರು, ಸಂಖ್ಯೆ, ಶಾಲೆಯ ಅಂಗಳ ಎಲ್ಲ ಬಂತು. ಆಡುವವರ ಬೆರಳುಗಳು ಇಷ್ಟು ವರ್ಷ ಏನು ಕಲಿತಿವೆ ಎನ್ನುವ ಗಮನ ಮಾತ್ರ ಬರಲಿಲ್ಲ.

ಸಣ್ಣ ಸಣ್ಣ ತುಂಡುಗಳು

ಇನ್ನೊಂದು ತೊಂದರೆ ಎರಡು ನಿಮಿಷಕ್ಕೆ ಸಂಬಂಧಿಸಿದ್ದು. ಐದರಲ್ಲಿ ಜಾಗಕ್ಕೆ ಹೋದರೆ ಇಂಟರ್ನೆಟ್ ಮೂಲಕ ಬೇರೆ ಆಟಗಾರರೂ ಅಲ್ಲೇ ಓಡಾಡುತ್ತಿರುತ್ತಾರೆ. ಕೇಳಲು ಚೆಂದ. ಆದರೆ ಕೆಲಸಗಳು ಅಲ್ಲಿ ತೆರೆದಿರುವುದಿಲ್ಲ. ಒಂದೊಂದನ್ನೂ ಪಟ್ಟಿಯಿಂದ ಆರಿಸಬೇಕು. ಆರಿಸಿದ ಮೇಲೆ ಕಾಯಬೇಕು. ಅದೇ ಜಾಗ ಮತ್ತೆ ತೆರೆದುಕೊಳ್ಳುತ್ತದೆ, ಚಿಕ್ಕದೊಂದು ಕೆಲಸ ಮುಗಿಯುತ್ತದೆ, ಮತ್ತೆ ಕಾಯಬೇಕು. ಕೆಲಸಗಳೂ ಹೆಚ್ಚಾಗಿ ಒಂದೇ ತರಹ. ಇಷ್ಟು ಅಂಕ ಮಾಡು, ಇಷ್ಟು ವಸ್ತು ಎತ್ತಿಕೋ.

ಸಂತೆಗೆ ಹೋಗಿ ಸೊಪ್ಪು, ತೆಂಗಿನಕಾಯಿ, ಎಲೆ ಅಡಿಕೆ ಎಲ್ಲ ಒಂದೇ ಸುತ್ತಿನಲ್ಲಿ ತರುವುದು ಒಂದು. ಸೊಪ್ಪಿಗೆ ಒಂದು ಸಲ ಹೋಗಿ ಮನೆಗೆ ಬಂದು, ಕಾಯಿಗೆ ಇನ್ನೊಂದು ಸಲ ಹೋಗುವುದು ಇನ್ನೊಂದು. ಕೊನೆಗೆ ಚೀಲದಲ್ಲಿ ಇರುವುದು ಅದೇ ಸಾಮಾನು, ಆದರೆ ಸಂತೆ ಮಾಡಿದ ಹಾಗಾಗುವುದಿಲ್ಲ.

ಡಿಸ್ಕಿನೊಳಗೆ ಏನಿತ್ತು

ಅಪ್ಪ ಅಮ್ಮಂದಿರು ಗಮನ ಇಟ್ಟು ಓದಬೇಕಾದ ಭಾಗ ಇದು. ಆಟ ಬಿಡುಗಡೆಯಾದ ದಿನವೇ ಇಂಟರ್ನೆಟ್‌ನಲ್ಲಿ ಬರುವ ತಿದ್ದುಪಡಿಗೆ ‘ಡೇ ಒನ್ ಪ್ಯಾಚ್’ ಎನ್ನುತ್ತಾರೆ. ಡಿಸ್ಕನ್ನು ಅಚ್ಚು ಹಾಕಲು ಕೆಲವು ವಾರ ಮೊದಲೇ ಕಳಿಸಬೇಕು. ಆಮೇಲೂ ತಂಡ ಕೆಲಸ ಮುಂದುವರಿಸುತ್ತದೆ, ಸಿಕ್ಕ ತಪ್ಪುಗಳನ್ನು ತಿದ್ದಿ ಕಳಿಸುತ್ತದೆ. ಇದರಲ್ಲಿ ವಿಶೇಷ ಇಲ್ಲ. ಪ್ಯಾಂಟು ಹೊಲಿದ ಮೇಲೆ ಉದ್ದ ಸ್ವಲ್ಪ ಮಡಚಿ ಹೊಲಿಗೆ ಹಾಕಿದ ಹಾಗೆ.

ಐದನೇ ಭಾಗದ ಡಿಸ್ಕಿನಲ್ಲಿ ಇದ್ದದ್ದು 4.6 ಜಿಬಿ. ಮೊದಲ ದಿನದ ಪ್ಯಾಚ್ 7.7 ಜಿಬಿ. ಮಡಿಕೆಯ ಬಟ್ಟೆ ಪ್ಯಾಂಟಿಗಿಂತ ದೊಡ್ಡದು! ಪ್ಯಾಚ್ ಇಳಿಸದೆ ಹೋದರೆ ಡಿಸ್ಕಿನಲ್ಲಿ ಆಡಲು ಇದ್ದದ್ದು ಕಲಿಕೆಯ ಪಾಠ ಮತ್ತು ನಾವೇ ಪಾರ್ಕ್ ಕಟ್ಟಿಕೊಳ್ಳುವ ಭಾಗ, ಅಷ್ಟೇ. ಮದುವೆಮನೆಯಲ್ಲಿ ಎಲೆ ಹಾಕಿ, ಉಪ್ಪು ಉಪ್ಪಿನಕಾಯಿ ಬಡಿಸಿ, ಅನ್ನ ಸಾರು ಬೇರೆ ಊರಿಂದ ಬರಬೇಕು ಎಂದ ಹಾಗೆ. 2015ರಲ್ಲಿ ನಮ್ಮ ಕಡೆ ಎರಡು ಎಂಬಿಪಿಎಸ್ ಲೈನ್ ಇದ್ದವರು ಪುಣ್ಯವಂತರು. ಆ ವೇಗದಲ್ಲಿ 7.7 ಜಿಬಿ ಇಳಿಯಲು, ಮಧ್ಯೆ ಒಂದು ಸಲವೂ ಕಡಿಯದಿದ್ದರೆ, ಎಂಟೂವರೆ ಗಂಟೆ ಬೇಕು. ಅಮೆರಿಕದಲ್ಲಿ ಈ ಆಟಕ್ಕೆ ಪೂರ್ತಿ ಬೆಲೆ, 60 ಡಾಲರ್, ಇಟ್ಟಿದ್ದರು.

ಬಿಡುಗಡೆಯಾದ ಮೇಲೂ ಆಕ್ಟಿವಿಷನ್ ತಿದ್ದುಪಡಿ ತರುವುದಾಗಿ ಹೇಳಿತು, ಒಂದಷ್ಟನ್ನು ತಂದಿತು ಕೂಡ. ಆದರೆ ಹೊತ್ತು ಮೀರಿತ್ತು. 2016ರಲ್ಲಿ ರೋಬೋಮೋಡೊ ಬಾಗಿಲು ಹಾಕಿತು.

ಹಳೇ ಮನೆಗೆ ವಾಪಸ್

2020ರಲ್ಲಿ ‘1+2’ ಕಟ್ಟಿದ್ದು ವಿಕೇರಿಯಸ್ ವಿಷನ್ಸ್ ಎಂಬ ತಂಡ. ಎರಡನೇ ಭಾಗವನ್ನು 2001ರಲ್ಲಿ ಗೇಮ್‌ಬಾಯ್ ಅಡ್ವಾನ್ಸ್ ಎಂಬ ಅಂಗೈಯಗಲದ ಯಂತ್ರಕ್ಕೆ ಇಳಿಸಿದ್ದು ಇವರೇ. ಆ ಆಟದ ನಾಡಿ ಗೊತ್ತಿದ್ದವರು. ಬೋರ್ಡಿನ ನಡೆಗೆ ನೆವರ್‌ಸಾಫ್ಟ್‌ನ ಹಳೆಯ ಕೋಡನ್ನೇ ಆಧಾರವಾಗಿ ಇಟ್ಟುಕೊಂಡರು. ಗೋಡೆ, ಬಣ್ಣ, ಬೆಳಕು ಎಲ್ಲ ಹೊಸದು, ಹಾರುವ ತೂಕ ಹಳೆಯದು. ಎರಡೇ ವಾರದೊಳಗೆ ಹತ್ತು ಲಕ್ಷ ಪ್ರತಿ ಮಾರಾಟವಾಯಿತು. ಈ ಸರಣಿಯಲ್ಲಿ ಯಾವ ಆಟವೂ ಅಷ್ಟು ಬೇಗ ಆ ಅಂಕಿ ಮುಟ್ಟಿರಲಿಲ್ಲ.

‘3+4’ ಕಟ್ಟಿದ್ದು ಐರನ್ ಗ್ಯಾಲಕ್ಸಿ ಎಂಬ ಇನ್ನೊಂದು ತಂಡ. ಇದರಲ್ಲೂ ತಕರಾರು ಇಲ್ಲ ಎಂದಲ್ಲ. ನಾಲ್ಕನೇ ಭಾಗದಲ್ಲಿ ಗಡಿಯಾರ ಇರಲಿಲ್ಲ ಎಂದೆನಲ್ಲ, ಇಲ್ಲಿ ಅದನ್ನೂ ಗಡಿಯಾರಕ್ಕೆ ಕಟ್ಟಿದರು. ನಾಲ್ಕನ್ನು ಪ್ರೀತಿಸಿದವರಿಗೆ ಅದು ಬೇಸರ ತಂದಿತು. ಆದರೆ ಬೆರಳಿಗೆ ಮೋಸ ಆಗಿಲ್ಲ.

ಅಕ್ಕ ಕೊನೆಗೆ ಕೇಳಿದ್ದು ವ್ಯವಹಾರದ ಪ್ರಶ್ನೆ. ಗೇಮ್ ತೆಗೆದುಕೊಳ್ಳುವ ಮುಂಚೆ ಏನು ನೋಡಬೇಕು? ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದು ಅಂದೆ. ಇಂಟರ್ನೆಟ್ ಬೇಕೇ ಬೇಕು, ಇಷ್ಟು ಜಿಬಿ ಇಳಿಸಿಕೊಳ್ಳಬೇಕು ಎಂಬುದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಸೆಕೆಂಡ್ ಹ್ಯಾಂಡ್ ಡಿಸ್ಕಾದರೆ ಇನ್ನೂ ಜಾಸ್ತಿ ಜಾಗ್ರತೆ ಬೇಕು. ಸರಣಿಯ ಹೆಸರಿನ ಜೊತೆಗೆ ಕಟ್ಟಿದ ತಂಡ ಯಾವುದು ಎಂದೂ ನೋಡು. ಮೊದಲ ದಿನವೇ ಕೊಳ್ಳದೆ ಒಂದು ವಾರ ತಡೆದರೆ ಆಡಿದವರೇ ಹೇಳುತ್ತಾರೆ.

ನಾವು ಮಾತಾಡುತ್ತಿದ್ದ ಹೊತ್ತಿನಲ್ಲಿ ಹುಡುಗ ಟಿವಿ ಮುಂದೆ ಕೂತಿದ್ದ. ಮೂರನೇ ಭಾಗದ ವಿಮಾನ ನಿಲ್ದಾಣ. ಮೇಲಿಂದ ಕೆಳಕ್ಕೆ ಎಸ್ಕಲೇಟರಿನ ಉದ್ದಕ್ಕೂ ಕಂಬಿ. ಜಾರಿ ಇಳಿದ, ನೆಲಕ್ಕೆ ಬಂದ, ಎರಡು ಚಕ್ರದ ಮೇಲೆ ಸ್ವಲ್ಪ ದೂರ ಸಾಗಿದ, ಮತ್ತೆ ಹಾರಿದ. ಮುಂದಿನ ಕಂಬಿ ಇನ್ನೂ ಒಂದು ಮಾರು ದೂರ ಇತ್ತು. ನಾನು ತೆರೆ ಬಿಟ್ಟು ಅವನ ಕೈ ನೋಡುತ್ತಿದ್ದೆ. ಹೆಬ್ಬೆರಳು ಆಗಲೇ ತ್ರಿಕೋನದ ಮೇಲಿತ್ತು. ಬೋರ್ಡು ಕಂಬಿಯನ್ನು ಕಚ್ಚಿಕೊಂಡಿತು.